ಬಿರುಕು ಬಿಟ್ಟ ಸೂರು, ಬಾಗಿಲಿಗೆ ಬಂದ ಕಂಟ್ರಾಕ್ಟರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ರಿಪೇರಿ ಮಾಡಿಸಿ ನೋಡು’ ಎಂಬ ಮೂರನೆಯ ಮಾತನ್ನು ಸೇರಿಸಲಿಲ್ಲ. ಸೇರಿಸುವ ಅಗತ್ಯ ಅವರಿಗೆ ಬಂದಿರಲಿಕ್ಕಿಲ್ಲ. ಬಳ್ಳಾರಿ ಸೀಮೆಯ ಹಳೆಯ ಮಾಳಿಗೆಮನೆ ಸೋರಿದರೆ, ಮಳೆಗಾಲಕ್ಕೆ ಮುನ್ನ ಮನೆಯವರೇ ಮೇಲೆ ಹತ್ತಿ, ಚೌಳು ಮಣ್ಣು ಹರಡಿ, ತುಳಿದು ಗಟ್ಟಿಮಾಡಿ ಇಳಿಯುತ್ತಿದ್ದರು. ರೋಗವೂ ಕಣ್ಣಿಗೆ ಕಾಣುತ್ತಿತ್ತು, ಮದ್ದೂ ಕೈಗೆ ಸಿಗುತ್ತಿತ್ತು. ಕಾಂಕ್ರೀಟಿನ ಮನೆಯಲ್ಲಿ ಎರಡೂ ಹಾಗಿಲ್ಲ. ಕೇಡು ಒಳಗೆ ಹುಟ್ಟಿ ಹೊರಗೆ ಕಾಣುವ ಹೊತ್ತಿಗೆ ವರ್ಷಗಳೇ ಉರುಳಿರುತ್ತವೆ. ಸರಿಪಡಿಸಿದ ಕೆಲಸವೂ ಮರುದಿನವೇ ಗಾರೆಯ ಕೆಳಗೆ ಮರೆಯಾಗುತ್ತದೆ. ಕಂಟ್ರಾಕ್ಟರನಿಗೆ ಹಣ ಎಣಿಸಿಕೊಡುವ ಗೃಹಸ್ಥನು ಹೀಗೆ ತನ್ನ ಕಣ್ಣಿಗೆ ಕಾಣದ ವಸ್ತುವನ್ನೇ ಕೊಳ್ಳುತ್ತಾನೆ. ಅದನ್ನು ಹೇಗೆ ನೋಡಿ ಕೊಳ್ಳಬೇಕೆಂಬುದೇ ಇಲ್ಲಿಯ ವಿಚಾರ.

ಈ ವಿಚಾರಕ್ಕೆ ತೋರಣಗಲ್ಲಿಗಿಂತ ತಕ್ಕ ಊರು ಸಿಗುವುದು ಕಷ್ಟ. ಬಳ್ಳಾರಿಗೂ ಹೊಸಪೇಟೆಗೂ ನಡುವೆ, ಸಂಡೂರು ತಾಲ್ಲೂಕಿಗೆ ಸೇರಿದ ಈ ಊರಿನ ಬಳಿ ೧೯೭೧ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟರು. ಕಾರ್ಖಾನೆ ನಿಜವಾಗಿ ತಲೆಯೆತ್ತಿದ್ದು ೧೯೯೦ರ ದಶಕದಲ್ಲಿ, ಜಿಂದಾಲ್ ಸಂಸ್ಥೆಯ ಕೈಯಲ್ಲಿ. ಅದರೊಂದಿಗೆ ಊರೂ ಬೆಳೆಯಿತು; ಹೊಸ ಮನೆಗಳು, ಅಂಗಡಿಗಳು, ಬಾಡಿಗೆ ಕೋಣೆಗಳು ಎದ್ದವು. ಆ ಮೊದಲ ಸುತ್ತಿನ ಮನೆಗಳಿಗೆ ಈಗ ಇಪ್ಪತ್ತು, ಇಪ್ಪತ್ತೈದು ವರ್ಷ. ಮನುಷ್ಯನಿಗೆ ಅದು ಯೌವನ. ಅವಸರದಲ್ಲಿ ಕಟ್ಟಿದ ಕಾಂಕ್ರೀಟಿಗಾದರೋ ಮೊದಲ ಕಾಯಿಲೆ ಕಾಣಿಸಿಕೊಳ್ಳುವ ವಯಸ್ಸು.

ಮೊದಲು ರೋಗ, ಆಮೇಲೆ ಮದ್ದು

ಅಡಿಗೆಮನೆಯ ಸೂರಿನಿಂದ ಒಂದು ಹೆಕ್ಕಳೆ ಕಳಚಿ ಬೀಳುತ್ತದೆ. ಮೇಸ್ತ್ರಿಗೆ ಹೇಳಿಕಳುಹಿಸುತ್ತಾರೆ. ಅವನು ಬಂದು ಕತ್ತೆತ್ತಿ ನೋಡಿ, “ಎರಡು ದಿನದ ಕೆಲಸ ಸಾಹೇಬ್ರ. ಗಾರೆ ಹಚ್ಚಿ ಬಣ್ಣ ಹೊಡೆದ್ರ ಹೊಸದಾಗತೈತಿ” ಎನ್ನುತ್ತಾನೆ. ಯಜಮಾನನಿಗೆ ಸಮಾಧಾನ. ಆದರೆ ಮನೆಯಾಕೆ ಬಾಗಿಲ ಬಳಿಯಿಂದಲೇ, “ಹೋದ ವರ್ಷ ಬಂದವ್ರೂ ಹಿಂಗ ಅಂದಿದ್ರು, ಮೇಸ್ತ್ರಿ. ಒಳಗಿನ ಕಬ್ಬಿಣ ಹೆಂಗೈತಿ ಅಂತ ಮೊದಲು ನೋಡ್ರಿ” ಎನ್ನುತ್ತಾಳೆ. ಎಷ್ಟೋ ಮನೆಗಳಲ್ಲಿ ನಡೆಯುವ ಈ ಮಾತುಕತೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಆಕೆಯೇ.

ಕಾಂಕ್ರೀಟು ಭಾರವನ್ನು ಹೊರಬಲ್ಲುದು, ಎಳೆತವನ್ನು ತಾಳಲಾರದು. ಅದಕ್ಕಾಗಿಯೇ ಒಳಗೆ ಕಬ್ಬಿಣದ ಸರಳುಗಳನ್ನು ಇಡುತ್ತಾರೆ. ಹೊಸ ಕಾಂಕ್ರೀಟಿನ ಕ್ಷಾರಗುಣವು ಸರಳಿನ ಸುತ್ತ ಕವಚದಂತೆ ನಿಂತು ತುಕ್ಕು ಹಿಡಿಯದಂತೆ ಕಾಯುತ್ತದೆ. ಆದರೆ ಕಾಂಕ್ರೀಟು ಸಡಿಲವಾಗಿದ್ದರೆ, ಸರಳಿನ ಮೇಲಿನ ಹೊದಿಕೆ ತೆಳುವಾಗಿದ್ದರೆ, ಗಾಳಿ ಮತ್ತು ನೀರು ನಿಧಾನವಾಗಿ ಒಳಸೇರಿ ಕವಚವನ್ನು ಕೆಡಿಸುತ್ತವೆ. ಆಗ ಹುಟ್ಟುವ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಸಿಡಿದು ಹೆಕ್ಕಳೆಯಾಗಿ ಬೀಳುತ್ತದೆ. ಅದರ ಮೇಲೆ ಗಾರೆ ಬಳಿದು ಬಣ್ಣ ಹೊಡೆಯುವುದು ಹುಣ್ಣಿನ ಮೇಲೆ ಪೌಡರು ಹಚ್ಚಿದಂತೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಗಾರೆಯೂ ಕೆಳಗಿರುತ್ತದೆ. ಕೆಳಗೆ ಯಾರಿರುತ್ತಾರೆ ಎಂಬುದು ಅದೃಷ್ಟಕ್ಕೆ ಬಿಟ್ಟ ಮಾತು.

ರೋಗವನ್ನು ಗುರುತಿಸಲು ಮನೆಯವರೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಮೊದಲನೆಯದು ಸುತ್ತಿಗೆಯದು. ಸೂರನ್ನೂ ತೊಲೆಯನ್ನೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಭಾಗ ‘ಟಣ್’ ಎನ್ನುತ್ತದೆ; ಒಳಗೆ ಬಿಟ್ಟುಕೊಂಡ ಭಾಗ ಪೊಳ್ಳು ಸದ್ದು ಕೊಡುತ್ತದೆ. ಪೊಳ್ಳಾದಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಿಟ್ಟರೆ ಕೆಲಸದ ವಿಸ್ತಾರ ಕಂಟ್ರಾಕ್ಟರು ಬರುವ ಮೊದಲೇ ತಿಳಿಯುತ್ತದೆ. ತಟ್ಟುವವರು ಪೊಳ್ಳಿನ ಕೆಳಗೆ ನೇರವಾಗಿ ನಿಲ್ಲಬಾರದು.

ಎರಡನೆಯದು ಪೆನ್ಸಿಲಿನದು. ಗೋಡೆಯ ಬಿರುಕಿನ ಎರಡೂ ತುದಿಗೆ ಗುರುತು ಹಾಕಿ ಪಕ್ಕದಲ್ಲಿ ತಾರೀಖು ಬರೆಯಬೇಕು. ಅಗಲವನ್ನೂ ಅಳೆದು ಬರೆದಿಡಬೇಕು. ತಿಂಗಳುಗಳು ಕಳೆದರೂ ಬಿರುಕು ಬೆಳೆಯದಿದ್ದರೆ ಅದು ಹಳೆಯ ಗಾಯ, ತುಂಬಿದರೆ ಸಾಕು. ಬೆಳೆಯುತ್ತಿದ್ದರೆ ಕಾರಣ ಇನ್ನೂ ಜೀವಂತವಾಗಿದೆ. ಬಳ್ಳಾರಿ ಸೀಮೆಯ ಎರೆಭೂಮಿಯಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲೆ ಆಳವಿಲ್ಲದ ಪಾಯ ಹಾಕಿದ ಮನೆ ನೆಲದೊಂದಿಗೆ ಏರಿಳಿಯುತ್ತದೆ. ಬೇಸಗೆಯಲ್ಲಿ ಅಗಲವಾದ ಬಿರುಕು ಮಳೆಗಾಲದಲ್ಲಿ ಕೂಡಿಕೊಂಡಂತೆ ಕಾಣುತ್ತದೆ. ಇಂಥ ಮನೆಗೆ ಬೇಕಾದುದು ಗೋಡೆಯ ಗಾರೆಯಲ್ಲ; ಪಾಯದ ಸುತ್ತ ನೀರು ನಿಲ್ಲದಂತೆ ಮಾಡುವ ಏರ್ಪಾಡು, ಜೊತೆಗೆ ಇಂಜಿನಿಯರರೊಬ್ಬರ ಸಲಹೆ.

ಹಳೆಯ ಗೋಡೆಗೆ ಹಳೆಯ ಗಾರೆ

ಎಲ್ಲ ಮನೆಗೂ ಸಿಮೆಂಟೇ ಮದ್ದು ಎಂಬ ಭ್ರಮೆಯೂ ಬೇಡ. ತೋರಣಗಲ್ಲಿನಿಂದ ಪಶ್ಚಿಮಕ್ಕೆ ಹೊರಟರೆ ಅದಕ್ಕೆ ಎರಡು ಸಾಕ್ಷಿಗಳು ಸಿಗುತ್ತವೆ. ಹಂಪಿಯ ಗೋಪುರಗಳ ಇಟ್ಟಿಗೆ ಮತ್ತು ಗಚ್ಚಿನ ಕೆಲಸ ಸಿಮೆಂಟು ಹುಟ್ಟುವುದಕ್ಕೆ ಶತಮಾನಗಳ ಮೊದಲಿನದು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದದ್ದು ೧೮೨೪ರಲ್ಲಿ. ಹೊಸಪೇಟೆಯ ಬಳಿ ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ಕಾಲುವೆಗೆ ನೀರು ಬಿಟ್ಟ ತುಂಗಭದ್ರಾ ಅಣೆಕಟ್ಟೆಯು ಸಿಮೆಂಟು ದೊರೆಯುತ್ತಿದ್ದ ಕಾಲದ್ದೇ ಆದರೂ, ಅದರ ಕಲ್ಲುಗಳನ್ನು ಬೆಸೆದದ್ದು ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿ ಬೆರೆಸಿದ ಸುರ್ಕಿ ಗಾರೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಲ್ಲಿ ೧೯ನೆಯ ಗೇಟು ಕೊಚ್ಚಿಹೋಯಿತಷ್ಟೆ. ತುಂಡಾದದ್ದು ಗೇಟಿನ ಸರಪಳಿ. ಕಲ್ಲುಗಾರೆಯ ಕಟ್ಟಡ ಕದಲಲಿಲ್ಲ. ಕಟ್ಟಡದಲ್ಲಿ ಮೊದಲು ಕಣ್ಣಿಡಬೇಕಾದದ್ದು ಲೋಹದ ಮೇಲೆ ಎಂಬ ಪಾಠ ಅಣೆಕಟ್ಟೆಗೂ ಅಡಿಗೆಮನೆಯ ಸೂರಿಗೂ ಒಂದೇ.

ಕಂಪ್ಲಿ, ಸಂಡೂರುಗಳ ಹಳೆಯ ಬೀದಿಗಳಲ್ಲಿ ಕಲ್ಲು, ಮಣ್ಣು, ಸುಣ್ಣಗಳ ಮನೆಗಳುಳ್ಳವರು ಇದನ್ನು ಗಮನಿಸತಕ್ಕದ್ದು. ಮಣ್ಣು ಮತ್ತು ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಮೈಯ ಮೂಲಕ ಹೊರಗೆ ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟು ಗಾರೆ ಮೆತ್ತಿದರೆ ತೇವಕ್ಕೆ ದಾರಿ ಮುಚ್ಚಿ, ಒಳಗೋಡೆ ಮೆತ್ತಗಾಗುತ್ತದೆ. ಹೊರಗಿನ ಗಾರೆ ಹಪ್ಪಳದಂತೆ ಏಳುತ್ತದೆ. ಇಂಥ ಮನೆಗೆ ಬರುವ ಮೇಸ್ತ್ರಿಗೆ ಸುಣ್ಣದ ಕೆಲಸ ಬರುತ್ತದೆಯೇ ಎಂದು ವಿಚಾರಿಸಬೇಕು.

ಯಾರನ್ನು, ಯಾವ ಬಗೆಯಲ್ಲಿ?

ಕೆಲಸ ಒಪ್ಪಿಸುವ ಬಗೆ ಸಾಮಾನ್ಯವಾಗಿ ಮೂರು. ದಿನಗೂಲಿಯಲ್ಲಿ ಸಾಮಾನೂ ಮನೆಯವರದು, ಮೇಲ್ವಿಚಾರಣೆಯೂ ಅವರದೇ. ಕೆಲಸ ಬೆಳೆದಷ್ಟೂ ಖರ್ಚು ಬೆಳೆಯುತ್ತದೆ. ಕೂಲಿ ಗುತ್ತಿಗೆಯಲ್ಲಿ ಸಾಮಾನು ಮನೆಯವರದು, ದುಡಿಮೆ ಮಾತ್ರ ಗುತ್ತಿಗೆದಾರನದು. ಅವನಿಗೆ ಬೇಗ ಮುಗಿಸುವ ಆತುರ ಸಹಜ. ಸಾಮಾನು ಸಹಿತ ಗುತ್ತಿಗೆಯಲ್ಲಿ ತೊಂದರೆ ಕಡಿಮೆ. ಆದರೆ ಸಿಮೆಂಟಿನಲ್ಲಿ ಉಳಿಸಿದ ಪ್ರತಿ ಚೀಲವೂ ಗುತ್ತಿಗೆದಾರನ ಲಾಭಕ್ಕೆ ಸೇರುತ್ತದೆ. ಸಣ್ಣ ರಿಪೇರಿಗೆ, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ, ಸಾಮಾನು ತಾವೇ ತಂದು ಕೂಲಿ ಗುತ್ತಿಗೆ ಕೊಡುವುದು ಒಳಿತು.

ಮೂವರನ್ನಾದರೂ ಕರೆಸಿ ಕೇಳಬೇಕು. ದರವನ್ನಷ್ಟೇ ಕೇಳಿ ಮೂರರಲ್ಲಿ ಅಗ್ಗದ್ದನ್ನು ಆರಿಸುವುದು ಮಾತ್ರ ಜಾಣತನವಲ್ಲ. ಮೂವರಿಗೂ ಒಂದೇ ಕೆಲಸದ ಪಟ್ಟಿಯನ್ನು ಕೊಟ್ಟಾಗ ಮಾತ್ರ ಮೂರು ದರಗಳನ್ನು ಹೋಲಿಸಲು ಬರುತ್ತದೆ. ಒಬ್ಬನು ತುಕ್ಕು ಹಿಡಿದ ಸರಳನ್ನು ಬಿಡಿಸಿ ಉಜ್ಜುವ ಖರ್ಚನ್ನು ಲೆಕ್ಕಕ್ಕೆ ತಂದಿರುತ್ತಾನೆ. ಮತ್ತೊಬ್ಬನು ಅದನ್ನು ಬಿಟ್ಟೇ ದರ ಹೇಳಿರುತ್ತಾನೆ. ಅವನು ಅಗ್ಗವಾಗಿ ಕಾಣುವುದರಲ್ಲಿ ಆಶ್ಚರ್ಯವೇನಿದೆ? ಅವನು ಎರಡು ಮೂರು ವರ್ಷಗಳ ಹಿಂದೆ ರಿಪೇರಿ ಮಾಡಿದ ಮನೆಯನ್ನು ಹೋಗಿ ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ನಿನ್ನೆ ಮುಗಿಸಿದ ಕೆಲಸ ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ.

ತೊಲೆ, ಕಂಬಗಳಲ್ಲಿ ಬಿರುಕಿದ್ದರೆ, ಸೂರು ಜೋತಂತೆ ಕಂಡರೆ, ಸರಳಿನ ದಪ್ಪ ಕಾಲುಭಾಗದಷ್ಟು ಸವೆದಿದ್ದರೆ ಮೇಸ್ತ್ರಿಯೊಬ್ಬನ ಮಾತೇ ಸಾಲದು, ಇಂಜಿನಿಯರರು ನೋಡಲೇಬೇಕು. ‘ರಿಪೇರಿ ಹೇಗೂ ಆಗುತ್ತಿದೆ, ಮೇಲೊಂದು ಕೋಣೆ ಎತ್ತಿಬಿಡೋಣ’ ಎಂಬ ಆಸೆ ಹುಟ್ಟಿದಾಗಲಂತೂ ಅವರನ್ನು ಕೇಳದೆ ಒಂದು ಇಟ್ಟಿಗೆಯನ್ನೂ ಮೇಲೇರಿಸಕೂಡದು. ಒಂದಂತಸ್ತಿಗೆ ಹಾಕಿದ ಪಾಯಕ್ಕೆ ಮನೆಯ ಬಾಡಿಗೆಯ ಲೆಕ್ಕ ತಿಳಿಯದು.

ಕಾಗದದ ಮೇಲೆ ಏನಿರಬೇಕು?

ಪರಿಚಯದವನೆಂದು ಬಾಯಿಮಾತಿನಲ್ಲೇ ಒಪ್ಪಂದ ಮಾಡಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಜಗಳವಾಗುವುದೂ ಹೆಚ್ಚಾಗಿ ಪರಿಚಯದವರ ನಡುವೆಯೇ. ಒಂದು ಹಾಳೆ ಸಾಕು. ಯಾವ ಕೋಣೆಯಲ್ಲಿ ಎಷ್ಟು ಚದರಡಿ, ಹೆಕ್ಕಳೆಯನ್ನು ಎಲ್ಲಿಯವರೆಗೆ ಕೆತ್ತಬೇಕು, ಸರಳನ್ನು ಹೇಗೆ ಶುದ್ಧಮಾಡಬೇಕು, ಸಿಮೆಂಟು ಯಾವುದು, ಮಿಶ್ರಣದ ಪ್ರಮಾಣವೇನು, ಅವಶೇಷಗಳನ್ನು ಸಾಗಿಸುವವರಾರು, ಎಷ್ಟು ದಿನ ನೀರುಣಿಸಬೇಕು, ಅದು ಯಾರ ಹೊಣೆ, ಹಣ ಯಾವ ಹಂತದಲ್ಲಿ ಎಷ್ಟು—ಇಷ್ಟನ್ನು ಬರೆದು ಇಬ್ಬರೂ ಸಹಿ ಮಾಡಬೇಕು. ಕೆತ್ತಿದ ಮೇಲೆ ಒಳಗಿನ ಕೇಡು ಹೆಚ್ಚಾಗಿ ಕಂಡರೆ ಹೆಚ್ಚಿನ ಕೆಲಸಕ್ಕೆ ಚದರಡಿಗೆ ಏನು ದರವೆಂಬುದನ್ನೂ ಮೊದಲೇ ಬರೆದಿಡುವುದು ಕ್ಷೇಮ. ರಿಪೇರಿಯ ಜಗಳಗಳು ಹುಟ್ಟುವುದು ಅಲ್ಲಿಯೇ.

ಲೆಕ್ಕವನ್ನು ಗೃಹಿಣಿಯರೂ ಹಾಕಬಲ್ಲರು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಗೆ ಹಳೆಯ ಸೂರು ತೆಗೆದು ಐದಂಗುಲ ದಪ್ಪದ ಹೊಸ ಮೋಲ್ಡು ಹಾಕಬೇಕೆನ್ನಿ. ೧೨೦ ಚದರಡಿಯನ್ನು ಐದಂಗುಲದ ದಪ್ಪದಿಂದ ಗುಣಿಸಿದರೆ ೫೦ ಘನ ಅಡಿ, ಅಂದರೆ ಸುಮಾರು ೧.೪ ಘನ ಮೀಟರು ಕಾಂಕ್ರೀಟು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂಬುದು ಮನೆಗಳ ಮೋಲ್ಡಿಗೆ ರೂಢಿಯ ಪ್ರಮಾಣ. ಆ ಪ್ರಮಾಣದಲ್ಲಿ ಘನ ಮೀಟರಿಗೆ ಸುಮಾರು ೮ ಚೀಲ ಹಿಡಿಯುವುದರಿಂದ ಈ ಕೋಣೆಗೆ ೧೧ರಿಂದ ೧೨ ಚೀಲ ಸಿಮೆಂಟು ಬೇಕು. ಎಂಟು ಚೀಲದಲ್ಲಿ ಮುಗಿಸುತ್ತೇನೆಂದು ಹೇಳುವವನು ಉಳಿತಾಯ ಮಾಡುತ್ತಿಲ್ಲ. ಸೂರಿನ ಬಲವನ್ನು ಕದಿಯುತ್ತಿದ್ದಾನೆ. ಚೀಲದ ಮೇಲೆ ಅಚ್ಚಾದ ವಾರ ಮತ್ತು ವರ್ಷವನ್ನೂ ಓದಬೇಕು. ಮೂರು ತಿಂಗಳಿಗಿಂತ ಹಳೆಯ ಸಿಮೆಂಟಿನ ಕಸುವು ಕುಗ್ಗಿರುತ್ತದೆ.

ಮರೆಯಾಗುವ ಮುನ್ನ

ಅದೇ ಕೋಣೆಯ ಹಸಿ ಕಾಂಕ್ರೀಟಿನ ತೂಕ ಸುಮಾರು ಮೂರೂವರೆ ಟನ್ನು. ಕೆಲಸಗಾರರೂ ಸೇರಿ ಅಷ್ಟೂ ಭಾರ ಸೆಂಟ್ರಿಂಗಿನ ಆಸರೆಗಂಬಗಳ ಮೇಲೆ ನಿಲ್ಲುತ್ತದೆ. ಹಂಪಿಯ ಪಕ್ಕದಲ್ಲೇ, ಆನೆಗೊಂದಿ ಮತ್ತು ತಳವಾರಘಟ್ಟಗಳ ನಡುವೆ ನಿರ್ಮಾಣದಲ್ಲಿದ್ದ ಸೇತುವೆ ೨೦೦೯ರ ಜನವರಿಯಲ್ಲಿ ನದಿಗೆ ಕುಸಿದು ಕಾರ್ಮಿಕರು ಜೀವ ತೆತ್ತದ್ದನ್ನು ಈ ಸೀಮೆಯವರು ಮರೆತಿಲ್ಲ. ಮನೆಯ ಕೆಲಸ ಚಿಕ್ಕದೆಂಬ ಕಾರಣಕ್ಕೆ ಅಪಾಯ ಚಿಕ್ಕದಾಗುವುದಿಲ್ಲ. ಕಂಬಗಳು ನೆಟ್ಟಗಿವೆಯೇ, ಮೆತ್ತನೆಯ ಮಣ್ಣಿನ ಮೇಲೆ ಹಲಗೆಯಿಲ್ಲದೆ ನಿಂತಿವೆಯೇ, ಒಂದಕ್ಕೊಂದು ಅಡ್ಡಪಟ್ಟಿ ಬಿಗಿದಿದೆಯೇ ಎಂಬುದನ್ನು ಯಾರೂ ನೋಡಬಹುದು. ಹಳೆಯ ಸೂರನ್ನು ಕೆತ್ತುವಾಗಲೂ ಮೊದಲು ಆಸರೆ, ಆಮೇಲೆ ಉಳಿ.

ಕೆತ್ತಿದ ಮೇಲೆ ಕೆಲಸ ನಿಲ್ಲಿಸಿ ನೋಡುವ ಗಳಿಗೆಯೊಂದಿದೆ. ಅದನ್ನು ಕರಾರಿನಲ್ಲೇ ಬರೆಯಬೇಕು. ಪೊಳ್ಳು ಭಾಗವೆಲ್ಲ ಹೋಗಿ ಗಟ್ಟಿ ಕಾಂಕ್ರೀಟು ಕಾಣಬೇಕು. ತುಕ್ಕು ಹಿಡಿದ ಸರಳಿನ ಹಿಂದಕ್ಕೂ ಬೆರಳು ಹೋಗುವಷ್ಟು ಬಿಡಿಸಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಬೇಕು. ಬಹಳ ಸವೆದಿದ್ದರೆ ಪಕ್ಕದಲ್ಲಿ ಹೊಸ ಸರಳು ಕಟ್ಟಬೇಕು. ಮನೆಯವರು ನೋಡಿ ಒಪ್ಪಿದ ಮೇಲೆಯೇ, ಬೇಕಾದರೆ ಒಂದು ಛಾಯಾಚಿತ್ರವನ್ನೂ ತೆಗೆದಿಟ್ಟು, ಮುಚ್ಚಲು ಅಪ್ಪಣೆ. ಹೊಸ ಮೋಲ್ಡಾದರೆ ಸರಳುಗಳು ಹಲಗೆಗೆ ತಾಗದಂತೆ ಸುಮಾರು ಮುಕ್ಕಾಲು ಅಂಗುಲದ ಸಿಮೆಂಟು ಬಿಲ್ಲೆಗಳನ್ನು ಕೆಳಗಿಡಬೇಕು. ಈ ಬಿಲ್ಲೆಗಳಿಗೆ ತಗಲುವ ಖರ್ಚು ಅತ್ಯಲ್ಪ. ಅವಿಲ್ಲದಿದ್ದರೆ ಮತ್ತೆ ಅದೇ ತುಕ್ಕು, ಅದೇ ಹೆಕ್ಕಳೆ.

ಇನ್ನು ನೀರು. ರಾಷ್ಟ್ರೀಯ ಮಾನದಂಡದ ಪ್ರಕಾರ ಮೇಲೆ ಹೇಳಿದ ಬಗೆಯ ಕಾಂಕ್ರೀಟಿಗೆ ೫೦ ಕಿಲೋ ಸಿಮೆಂಟಿನ ಚೀಲವೊಂದಕ್ಕೆ ಹೆಚ್ಚೆಂದರೆ ೩೦ ಲೀಟರು ನೀರು. ಮರಳಿನ ತೇವವೂ ಅದರಲ್ಲೇ ಸೇರಿದ್ದು. ಸಲಿಕೆಗೆ ಸುಲಭವಾಗಲೆಂದು ಕೂಲಿಯಾಳು ಇನ್ನೊಂದು ಬಕೆಟ್ಟು ಸುರಿಯುವುದು ಎಲ್ಲೆಲ್ಲೂ ಕಾಣುವ ದೃಶ್ಯ. ಹೆಚ್ಚಾದ ಆ ನೀರು ಆವಿಯಾಗಿ ಹೋಗುವಾಗ ಕಾಂಕ್ರೀಟಿನ ತುಂಬ ಸೂಕ್ಷ್ಮ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಮುಂದೆ ಸೂರು ಸೋರುವ ದಾರಿ ಅದೇ. ಅಳತೆಯ ಬಕೆಟ್ಟೊಂದನ್ನು ಮನೆಯವರೇ ಕೊಟ್ಟು, ಎಣಿಸಲು ಶಾಲೆಯ ಮಗುವೊಂದನ್ನು ಕೂರಿಸಿದರೂ ಸಾಕು.

ಬೆರೆಸುವಾಗ ಮಿತಿ, ಬೆರೆಸಿದ ಮೇಲೆ ಧಾರಾಳ

ಒಳಗೆ ಬೆರೆಸುವ ನೀರು ಎಷ್ಟು ಮಿತವೋ, ಗಟ್ಟಿಯಾದ ಮೇಲೆ ಉಣಿಸುವ ನೀರು ಅಷ್ಟೇ ಧಾರಾಳವಾಗಿರಬೇಕು. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ; ಸಿಮೆಂಟು ನೀರಿನೊಡನೆ ಕೂಡಿ ದಿನಗಟ್ಟಲೆ ಬಲಿಯುತ್ತ ಹೋಗುತ್ತದೆ. ನಡುವೆ ನೀರು ತಪ್ಪಿದರೆ ಆ ಬೆಳವಣಿಗೆ ನಿಂತೇಹೋಗುತ್ತದೆ.

ತೋರಣಗಲ್ಲಿನ ವಿಶೇಷವಿರುವುದು ಇಲ್ಲಿ. ಊದುಕುಲುಮೆಯಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಿಟ್ಟವನ್ನು ನೀರಿನಿಂದ ತಟ್ಟನೆ ತಣಿಸಿ, ಅರೆದು, ಸಿಮೆಂಟಿಗೆ ಬೆರೆಸುತ್ತಾರೆ. ಇದೇ ಸ್ಲಾಗ್ ಸಿಮೆಂಟು. ಅದನ್ನು ಕಾರ್ಖಾನೆಯ ನೆರೆಯಲ್ಲಿಯೇ ತಯಾರಿಸುತ್ತಾರೆ. ಒಳ್ಳೆಯ ಸಿಮೆಂಟು, ಕೊನೆಗೆ ಬರುವ ಬಲದಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಆದರೆ ಮೊದಲ ದಿನಗಳಲ್ಲಿ ನಿಧಾನವಾಗಿ ಬಲಿಯುವುದು ಅದರ ಸ್ವಭಾವ. ಸಾಧಾರಣ ಸಿಮೆಂಟಿಗೆ ಕನಿಷ್ಠ ೭ ದಿನ ನೀರುಣಿಸಬೇಕೆನ್ನುವ ಮಾನದಂಡವೇ ಇಂಥ ಮಿಶ್ರ ಸಿಮೆಂಟಿಗೂ, ಒಣಹವೆಯ ಬಿಸಿಲ ಸೀಮೆಗೂ ಕನಿಷ್ಠ ೧೦ ದಿನ ಎನ್ನುತ್ತದೆ. ಮಿಶ್ರ ಸಿಮೆಂಟಿಗೆ ೧೪ ದಿನವಾದರೆ ಉತ್ತಮ ಎಂದೂ ಸೇರಿಸುತ್ತದೆ. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ನಿಧಾನಸ್ವಭಾವದ ಸಿಮೆಂಟು—ಎರಡೂ ಕೂಡಿದ ಈ ಊರಿನಲ್ಲಿ ೧೪ ದಿನಗಳನ್ನೇ ನಿಯಮವಾಗಿ ಇಟ್ಟುಕೊಳ್ಳುವುದು ವಿವೇಕ. ಕಾಂಕ್ರೀಟು ಹಾಕುವ ಕೆಲಸವನ್ನು ನಡುಹಗಲು ಬಿಟ್ಟು ಸಂಜೆಗೆ ಇಟ್ಟುಕೊಂಡರೆ ಇನ್ನೂ ಮೇಲು.

ಮೋಲ್ಡಿನ ಮೇಲೆ ಗಾರೆಯ ಪುಟ್ಟ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸಬೇಕು. ಗೋಡೆಗೂ ಕಂಬಕ್ಕೂ ಒದ್ದೆ ಗೋಣಿತಾಟು ಸುತ್ತಬೇಕು. ಸೂರಿನ ತಳಭಾಗದ ತೇಪೆಗೆ ದಿನಕ್ಕೆ ಹಲವು ಬಾರಿ ನೀರು ಚಿಮುಕಿಸಬೇಕು. ನಾಲ್ಕೂವರೆ ಮೀಟರಿಗಿಂತ ಕಡಿಮೆ ಅಗಲದ ಸೂರಿಗೆ ಆಸರೆಗಂಬಗಳು ಕನಿಷ್ಠ ೭ ದಿನ, ಅದಕ್ಕಿಂತ ದೊಡ್ಡದಕ್ಕೆ ೧೪ ದಿನ ಇರಲೇಬೇಕು. ಸ್ಲಾಗ್ ಸಿಮೆಂಟಿಗೆ ಇನ್ನಷ್ಟು ದಿನ ಬಿಟ್ಟರೆ ನಷ್ಟವಿಲ್ಲ. ಸೆಂಟ್ರಿಂಗಿನ ಬಾಡಿಗೆ ಏರುತ್ತದೆಂದು ಮೂರನೆಯ ದಿನವೇ ಕಂಬ ಎಳೆಯುವವನಿಗೆ ಅವಕಾಶ ಕೊಡಬಾರದು.

ಕೊನೆಯ ಕಂತನ್ನು ಈ ಹದಿನಾಲ್ಕು ದಿನಗಳು ಮುಗಿಯುವವರೆಗೆ ಕೈಯಲ್ಲಿಟ್ಟುಕೊಳ್ಳಬೇಕೆಂಬುದರ ಮರ್ಮ ಇದೇ. ಗಾರೆ ಬಳಿದ ಸಂಜೆಯೇ ಪೂರ್ತಿ ಹಣ ಪಡೆದವನಿಗೆ ನೀರುಣಿಸಲು ಮರಳಿ ಬರುವ ಕಾರಣ ಉಳಿಯುವುದಿಲ್ಲ. ಹಾಗೆಯೇ, ಹದಿನಾಲ್ಕು ದಿನ ಆಳು ಕಳುಹಿಸು ಎನ್ನುವವರು ಆ ಕೂಲಿಯನ್ನು ದರದಲ್ಲಿ ಸೇರಿಸಿಯೇ ಒಪ್ಪಬೇಕು. ಇಲ್ಲವೇ ಆ ಕೆಲಸ ತಮ್ಮದೆಂದು ಮನೆಯವರೇ ವಹಿಸಿಕೊಳ್ಳಬೇಕು.

ನ್ಯಾಯ ಎರಡೂ ಕಡೆಗೆ

ಇಷ್ಟಾಗಿಯೂ ಕೆಲಸ ಕೆಟ್ಟರೆ ದಾರಿಯಿಲ್ಲದೆ ಇಲ್ಲ. ಮನೆ ಕಟ್ಟಿಕೊಡುವುದೂ ಗ್ರಾಹಕನಿಗೆ ಸಲ್ಲಿಸುವ ಸೇವೆಯೇ ಎಂದು ಸುಪ್ರೀಂ ಕೋರ್ಟು ೧೯೯೩ರಲ್ಲಿ ತೀರ್ಪಿತ್ತಿದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಮನೆಯ ನಿರ್ಮಾಣವನ್ನು ಸೇವೆಗಳ ಸಾಲಿನಲ್ಲಿ ಹೆಸರಿಸಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಮಾತಾಡುವುದು ಸಹಿಯಾದ ಆ ಒಂದು ಹಾಳೆ, ರಸೀತಿಗಳು ಮತ್ತು ಛಾಯಾಚಿತ್ರಗಳು.

ಆದರೆ ತಪ್ಪೆಲ್ಲ ಗುತ್ತಿಗೆದಾರನ ಕಡೆಯೇ ಇರುತ್ತದೆಂದು ತಿಳಿಯುವುದೂ ಅನ್ಯಾಯ. ಮೂವರ ದರಗಳನ್ನು ಒಂದಕ್ಕೊಂದು ತಿಕ್ಕಿ ಕೊನೆಯ ಕಾಸನ್ನೂ ಹಿಂಡಿದ ಯಜಮಾನನು, ‘ಹಬ್ಬಕ್ಕೆ ಮೊದಲು ಮುಗಿಯಲೇಬೇಕು’ ಎಂದು ದಿನಗಳನ್ನೂ ಹಿಂಡುತ್ತಾನೆ. ಆ ಹಿಂಡಿದ ಕಾಸು, ಆ ಹಿಂಡಿದ ದಿನಗಳು ಸಿಮೆಂಟಿನಿಂದಲೂ ನೀರಿನಿಂದಲೂ ಕಳೆದುಹೋಗುತ್ತವೆ. ಜಲ್ಲಿಯ ಬುಟ್ಟಿ ಹೊತ್ತು ಏಣಿ ಹತ್ತುವ ಹೆಣ್ಣಾಳಿಗೆ ಕುಡಿಯಲು ನೀರು, ಮಧ್ಯಾಹ್ನಕ್ಕೆ ನೆರಳು, ಎತ್ತರದಲ್ಲಿ ನಿಲ್ಲುವವನಿಗೆ ಭದ್ರವಾದ ಅಟ್ಟಣಿಗೆ—ಇವೂ ಕರಾರಿನ ಭಾಗವೇ. ಕಟ್ಟಡ ಕಾರ್ಮಿಕರಿಗಾಗಿ ೧೯೯೬ರ ಕಾಯಿದೆಯಂತೆ ರಚನೆಯಾದ ಕಲ್ಯಾಣ ಮಂಡಳಿ ರಾಜ್ಯದಲ್ಲಿದೆ. ಹದಿನೆಂಟರಿಂದ ಅರವತ್ತು ವರ್ಷದೊಳಗಿದ್ದು, ಹಿಂದಿನ ವರ್ಷದಲ್ಲಿ ೯೦ ದಿನ ದುಡಿದವರು ಅದರಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಕೆಲಸಕ್ಕೆ ಬಂದವರನ್ನು ‘ಕಾರ್ಡು ಇದೆಯೇ?’ ಎಂದು ವಿಚಾರಿಸಿ, ಇಲ್ಲದವರಿಗೆ ದಾರಿ ತೋರಿಸುವುದು ಮನೆಯವರಿಗೆ ಭಾರವಾಗದು.

ಮಳೆಗಾಲ ಬರುವ ಮುನ್ನ ಒಂದು ಭಾನುವಾರ ಮನೆಯವರೆಲ್ಲ ಸೇರಿ, ಸುತ್ತಿಗೆ, ಸುಣ್ಣದ ಕಡ್ಡಿ, ಪೆನ್ಸಿಲುಗಳನ್ನು ಹಿಡಿದು ಸೂರಿನ ಕೆಳಗೆ ಒಂದು ಸುತ್ತು ಬರಲಿ. ಪೊಳ್ಳು ಎಲ್ಲಿ, ಬಿರುಕು ಎಷ್ಟು, ತೇವ ಯಾವ ಮೂಲೆಯಲ್ಲಿ ಎಂಬುದೆಲ್ಲ ಒಂದು ಪುಸ್ತಕದಲ್ಲಿ ದಾಖಲಾಗಲಿ. ಮೇಸ್ತ್ರಿಗೆ ಹೇಳಿಕಳುಹಿಸುವುದು ಅದಾದ ಮೇಲೆ.